ಕಿವಿಗೆ ಕೈ ಎಟುಕಿದ ಮೇಲೆ

ಚಾಮರಾಜಪೇಟೆ, ಬೆಂಗಳೂರು
ಸೋಮವಾರ, 19 ನವೆಂಬರ್ 1979

ನನ್ನ ಕುಮಾರಿಗೆ,

ನಿನ್ನಮ್ಮ ಮನಸಾರೆ ಹರಸಿ ಬರೆಯೋದು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಮಗಳು ಮಹಾನಂದ ನನ್ನ ಮಗ್ಗುಲಲ್ಲೇ ಕೂತು ಸ್ಲೇಟಿನ ಮೇಲೆ ಏನೋ ಗೀಚ್ತಿದಾಳೆ, ಕೈಕಾಲು ಎಲ್ಲಾ ನೆಟ್ಟಗಿದೆ, ಬೆಳಿಗ್ಗೆ ಅಕ್ಕಿ ರೊಟ್ಟಿ ಮೇಲೆ ಬೆಣ್ಣೆ ಹಾಕಿಸ್ಕೊಂಡು ತಿಂದಳು. ಈ ಮಾತನ್ನ ಗಟ್ಟಿಯಾಗಿ ಹಿಡ್ಕೊಂಡು ಮುಂದಕ್ಕೆ ಓದು, ಯಾಕಂದ್ರೆ ನಡುವೆ ನಿನ್ನ ಎದೆ ಹೊಡ್ಕೊಳ್ಳೋ ಸಮಾಚಾರ ಬರುತ್ತೆ. ನಿನ್ನ ಸೊಂಟನೋವು ಹೇಗಿದೆ? ಬಾಣಂತನದಲ್ಲಿ ಸೊಂಟಕ್ಕೆ ಬಟ್ಟೆ ಬಿಗಿದು ಕಟ್ಕೊಳ್ಳೇ ಅಂದ್ರೆ ಸೆಕೆ ಅಂತ ಬಿಚ್ಚಿ ಎಸೀತಿದ್ದೆ, ಈಗ ಅನುಭವಿಸು. ಪಾಪುಗೆ ಹಲ್ಲು ಬಂತಾ? ಹಲ್ಲು ಬರೋವಾಗ ಹೊಟ್ಟೆ ಕೆಡೋದು ಇದ್ದದ್ದೇ, ನೀರು ಕಾಯಿಸಿ ಆರಿಸಿ ಕುಡಿಸು, ಹೊಳೆ ನೀರು ಒಳ್ಳೇದು ಅಂತ ಯಾರು ಹೇಳಿದ್ರೂ ಕೇಳಬೇಡ. ಅಳಿಯಂದಿರಿಗೆ ಆ ಡ್ಯಾಮಿನ ಧೂಳಿಗೆ ಕೆಮ್ಮು ಹಿಡಿದಿತ್ತಲ್ಲ, ಕಡಿಮೆ ಆಯ್ತಾ? ರಾತ್ರಿ ಹಾಲಿಗೆ ಮೆಣಸು ಅರಿಶಿನ ಹಾಕಿ ಕೊಡು. ಇಂಜಿನಿಯರು ಅಂದ ಮಾತ್ರಕ್ಕೆ ಕೆಮ್ಮು ಬಿಡುತ್ತೇನು.

ಈಗ ನೀನು ಕೇಳಿದ ವಿಷಯ. ದೀಪಾವಳಿ ಆದ ಮೇಲೆ ಬರೆದ ಕಾಗದದಲ್ಲಿ, ‘ಅಪ್ಪಾಜಿ ಮಗೂಗೆ ಸೈಕಲ್ ಕೊಡಿಸ್ತೀನಿ ಅಂತ ಬರೆದಿದಾರೆ, ಅವಳಿಗೆ ಅಷ್ಟು ವಯಸ್ಸಾಯ್ತಾ ಅಮ್ಮಾ, ದಿನಾ ನೋಡೋಳು ನೀನು, ನೀನು ಹೂಂ ಅಂದ್ರೆ ನಾನೂ ಹೂಂ’ ಅಂತ ನನ್ನ ತಲೆಗೆ ಕಟ್ಟಿ ಕೈ ತೊಳ್ಕೊಂಡೆ. ಜಾಣೆ ಕಣೇ ನೀನು. ನಾಳೆ ಬಿದ್ದು ಹಲ್ಲು ಉದುರಿಸ್ಕೊಂಡ್ರೆ ಅಜ್ಜಿ ಹೂಂ ಅಂದಿದ್ದಕ್ಕೆ ಹೀಗಾಯ್ತು ಅನ್ನೋದಕ್ಕೆ ಒಂದು ದಾರಿ ಇಟ್ಕೊಂಡೆ. ನಾನು ಹೂಂ ಅಂದಿರಲಿಲ್ಲ, ಕೇಳಿಸ್ಕೋ. ಮೊದಲ ದಿನದಿಂದ ಉಹೂಂ ಅಂತಲೇ ಇದ್ದೆ. ಆರು ತುಂಬಿದೆ ಅಷ್ಟೆ. ಸಿಟಿ ಮಾರ್ಕೆಟ್ಟಿಗೆ ಹೋಗೋ ಲಾರಿಗಳೆಲ್ಲಾ ಈಗ ನಮ್ಮ ಮನೆ ಮುಂದೇನೇ ನುಗ್ತವೆ, ನೀನು ಲಂಗ ಎತ್ತಿ ಕಟ್ಟಿ ಕುಂಟೆಬಿಲ್ಲೆ ಆಡ್ತಿದ್ದ ರಸ್ತೆ ಅಲ್ಲ ಇದು. ಅಲ್ಲದೆ ನಿನ್ನನ್ನಾದ್ರೆ ಬಿದ್ರೆ ಬೀಳಲಿ ಅಂತ ಬಿಟ್ಟಿದ್ದೆ, ನನ್ನ ಮಗಳು, ನನ್ನ ಹಕ್ಕು. ಇವಳ ಹೆತ್ತೋಳು ನೀನು ಆಲಮಟ್ಟಿ ಡ್ಯಾಮಿನ ಕ್ಯಾಂಪಲ್ಲಿ ಕೂತಿದೀಯ, ಮಗು ನನ್ನ ಕೈಲಿದೆ. ಒಂದು ತರಚಿದ ಗಾಯ ಆದ್ರೂ ನಿನಗೆ ಉತ್ತರ ಕೊಡಬೇಕಾದೋಳು ನಾನು.

ಆದ್ರೆ ನಿಮ್ಮಪ್ಪಾಜಿ ಕೇಳಬೇಕಲ್ಲ. ಹೋದ ಸೋಮವಾರ ತರಗುಪೇಟೆ ಬೇಳೆ ಮಂಡಿಯಿಂದ ಊಟಕ್ಕೆ ಬಂದೋರು ಕಾಲು ತೊಳೆಯೋಕೂ ಮುಂಚೆ ಮಗೂನ ಗೋಡೆಗೆ ಒರಗಿಸಿ ನಿಲ್ಲಿಸಿದ್ರು. ‘ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟು ಪುಟ್ಟಾ’ ಅಂದ್ರು. ಜೂನಲ್ಲಿ ಒಂದನೇ ಕ್ಲಾಸಿಗೆ ಸೇರಿಸೋವಾಗ ಹೆಡ್‌ಮಿಸ್ಸು ಇದನ್ನೇ ಮಾಡಿಸಿ ನೋಡಿದ್ರಲ್ಲ, ಆಗ ಬೆರಳ ತುದಿ ಮಾತ್ರ ತಾಗಿ, ನೀನು ಪಕ್ಕದಲ್ಲಿ ನಿಂತು ‘ಕತ್ತು ವಾಲಿಸೇ’ ಅಂತ ಪಿಸುಗುಟ್ಟಿದ್ದೆ. ಈ ಸಲ ನಮ್ಮ ಹುಡುಗಿ ಕತ್ತು ನೆಟ್ಟಗಿಟ್ಕೊಂಡು ಕಿವಿ ಪೂರ್ತಿ ಹಿಡ್ಕೊಂಡು, ಜಗ್ಗಿ ಬೇರೆ ತೋರಿಸಿದಳು. ನಿಮ್ಮಪ್ಪಾಜಿಗೆ ರಾಜ್ಯ ಗೆದ್ದಷ್ಟು ಸಂತೋಷ. ‘ಸರ್ಕಾರದೋರು ಶಾಲೆಗೆ ಸೇರಿಸ್ಕೊಳ್ಳೋದೇ ಈ ಅಳತೆ ಮೇಲೆ, ಸೈಕಲ್ಲಿಗೆ ಇನ್ನೇನು ಬೇಕೇ?’ ಅಂದ್ರು. ‘ಕಿವಿ ಹಿಡ್ಕೊಂಡು ಸೈಕಲ್ ಹೊಡೀತಾಳೇನ್ರಿ?’ ಅಂದೆ. ನಕ್ಕುಬಿಟ್ರು. ಆಮೇಲೆ ಪಾತ್ರೆ ತೊಳೆಯೋ ತಿಮ್ಮಕ್ಕ ಹೇಳಿದಳು, ಕಿವಿ ಮುಟ್ಟಿದ್ರೆ ದೊಡ್ಡೋಳಾದ ಹಾಗೆ ಅಂತ ತಾತ ಅಂದಿದ್ದಕ್ಕೆ ವಾರದಿಂದ ದಿನಾ ಕನ್ನಡಿ ಮುಂದೆ ನಿಂತು ಕೈ ಎಳೆದೂ ಎಳೆದೂ ಕಿವಿ ಮುಟ್ಟೋದು ಅಭ್ಯಾಸ ಮಾಡ್ತಿದ್ದಳಂತೆ. ಗೊಂಬೆ ಕೇಳಲಿಲ್ಲ, ಹೊಸ ಫ್ರಾಕು ಕೇಳಲಿಲ್ಲ, ಸೈಕಲ್ಲಿಗೆ ಯಾಕೆ ಇಷ್ಟು ಒದ್ದಾಟ ಅಂತ ನನಗೆ ಅವತ್ತೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಬುಧವಾರ ಸೈಕಲ್ ಮನೆಗೆ ಬಂದೇಬಿಡ್ತು. ನೀಲಿ ಬಣ್ಣದ್ದು, ಪುಟ್ಟದು, ಯಾರೋ ಮಾರವಾಡಿ ಮನೆಯ ಹುಡುಗ ಓಡಿಸಿ ಬಿಟ್ಟಿದ್ದಂತೆ. ನನ್ನನ್ನ ಒಂದು ಮಾತು ಕೇಳಲಿಲ್ಲ. ನಾನು ವಿಭೂತಿ ಇಟ್ಟು ಹೂವು ಏರಿಸಿದೆ, ಸೈಕಲ್ ಮೇಲೆ ಏನು ಸಿಟ್ಟು. ಆದ್ರೆ ಅಪ್ಪಣೆ ಮಾಡಿದೆ: ಇದು ಪಡಸಾಲೆಯಲ್ಲೇ ಇರಬೇಕು, ನಾನು ಹೇಳೋವರೆಗೂ ಹೊಸಲು ದಾಟಬಾರದು. ನಿಮ್ಮಪ್ಪಾಜಿ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ. ‘ನಿಮ್ಮ ತಾತಂಗೆ ಕಾಫಿ ಆರುತ್ತೆ ಅಂತ ಹೇಳು’, ‘ನಿಮ್ಮಜ್ಜಿಗೆ ಸಕ್ಕರೆ ಜಾಸ್ತಿ ಆಯ್ತು ಅಂತ ಹೇಳು’, ಹೀಗೆ ಮಗು ನಮ್ಮಿಬ್ಬರ ನಡುವೆ ಓಡಾಡ್ತಿತ್ತು. ಅವಳು ಗಲಾಟೆ ಮಾಡಲಿಲ್ಲ ನೋಡು. ಬೇರೆ ಮಕ್ಕಳಾಗಿದ್ರೆ ರಂಪ ಮಾಡಿರೋರು. ಇವಳು ಶಾಲೆಯಿಂದ ಬಂದು ಪಡಸಾಲೆಯಲ್ಲಿ ಸೈಕಲ್ ಹ್ಯಾಂಡಲ್ ಹಿಡ್ಕೊಂಡು ಆ ಗೋಡೆಯಿಂದ ಈ ಗೋಡೆಗೆ ತಳ್ಕೊಂಡು ಹೋಗೋದು, ತಿರುಗಿಸ್ಕೊಂಡು ಬರೋದು. ಎಷ್ಟು ಮಾತು ಕೇಳೋ ಮಗು ಅಂತ ನಾನು ಪಕ್ಕದ ಮನೆ ವಿಶಾಲಮ್ಮನ ಹತ್ರ ಹೊಗಳ್ಕೊಂಡೂ ಬಂದೆ.

ಈಗ ಶನಿವಾರದ ಮಾತು. ಬೆಳಗಿನ ಶಾಲೆ ಮುಗಿಸಿ ಬಂದಳು, ಸಾರನ್ನ ತಿಂದಳು. ನಾನು ಚಾಪೆ ಹಾಸಿ ಹಾಗೇ ಒಂದು ಗಳಿಗೆ ಅಡ್ಡ ಆದೆ. ತಿಮ್ಮಕ್ಕ ಹಿತ್ತಲಲ್ಲಿ ಪಾತ್ರೆ ಉಜ್ತಿದ್ದಳು. ಎದ್ದಾಗ ಮನೆ ತೀರಾ ಸುಮ್ಮನಿತ್ತು. ಪಡಸಾಲೆಗೆ ಬಂದ್ರೆ ಬಾಗಿಲು ಹಾರು ಹೊಡೆದಿದೆ, ಸೈಕಲ್ ಇಲ್ಲ, ಮಗು ಇಲ್ಲ. ಮೊದಲು ಸಿಟ್ಟೇ ಬಂತು. ರಸ್ತೆಗಿಳಿದಿದಾಳೆ, ಬರಲಿ ಮಾಡ್ತೀನಿ ಅಂತ ಗೇಟಿಗೆ ಬಂದೆ. ಎಡಗಡೆ ನೋಡಿದೆ, ಬಲಗಡೆ ನೋಡಿದೆ, ಇಲ್ಲ. ವಿಶಾಲಮ್ಮನ ಮನೇಲಿಲ್ಲ. ಮೂಲೆಯ ಅಂಗಡಿಯೋನು ನೋಡಿಲ್ಲ ಅಂದ. ಅಡ್ಡರಸ್ತೆಗಳಲ್ಲೆಲ್ಲಾ ಕೂಗ್ಕೊಂಡು ಹೋದೆ, ಅವಳ ಕ್ಲಾಸಿನ ಮಕ್ಕಳ ಮನೆ ಬಾಗಿಲೆಲ್ಲಾ ಬಡಿದೆ. ಆಗ ಕುಮಾರಿ, ಸಿಟ್ಟು ಎಲ್ಲಿ ಹೋಯ್ತೋ ಗೊತ್ತಿಲ್ಲ.

ಸಿರ್ಸಿ ಸರ್ಕಲ್ ಕಡೆ ಬರಿಗಾಲಲ್ಲೇ ಓಡಿದೆ. ಈ ವಯಸ್ಸಲ್ಲಿ ನಾನು ಓಡಿದ್ದು ನೋಡಿ ಜನ ದಾರಿ ಬಿಟ್ರು. ಅಲ್ಲಿ ಮೈಸೂರು ರಸ್ತೆ ತಿರುವಿನಲ್ಲಿ ಲಾರಿ ಅಡ್ಡಡ್ಡ ನಿಂತಿದೆ, ಜನ ಗುಂಪು ಕಟ್ಟಿದಾರೆ, ಜನರ ಕಾಲುಗಳ ಸಂದಿಯಲ್ಲಿ ಬಿದ್ದಿರೋ ಸೈಕಲ್ಲಿನ ಗಾಲಿ ಕಾಣ್ತಿದೆ. ಶಿವಾ ಅಂತ ಕೂಗಿದ್ದಷ್ಟೇ ಗೊತ್ತು. ಯಾರೋ ಹೆಣ್ಣುಮಗಳು ನನ್ನ ರಟ್ಟೆ ಹಿಡ್ಕೊಂಡಳು. ಜನರನ್ನ ತಳ್ಕೊಂಡು ನುಗ್ಗಿ ನೋಡಿದ್ರೆ ಅದು ದೊಡ್ಡ ಸೈಕಲ್ಲು, ಹಾಲಿನೋನದ್ದು, ಹಾಲೆಲ್ಲಾ ರಸ್ತೆ ಪಾಲಾಗಿತ್ತು, ಅವನು ಪಕ್ಕದಲ್ಲಿ ಕೂತು ಲಾರಿಯೋನನ್ನ ಬೈತಿದ್ದ. ಅವನಿಗೆ ಏಟಾಯ್ತಾ ಅಂತ ಕೂಡ ನಾನು ಕೇಳಲಿಲ್ಲ. ನಮ್ಮ ಮಗು ಅಲ್ಲವಲ್ಲಾ ಅನ್ನೋ ಸಮಾಧಾನ ಒಂದು ಕಡೆ, ಹಾಗಾದ್ರೆ ಎಲ್ಲಿ ಅನ್ನೋದು ಇನ್ನೊಂದು ಕಡೆ. ವಿಶಾಲಮ್ಮನ ಮನೆಯಿಂದ ಮಂಡಿಗೆ ಫೋನ್ ಮಾಡಿಸಿದೆ. ನಿಮ್ಮಪ್ಪಾಜಿ ಆಟೋ ಹತ್ತಿ ಬಂದೋರು ಹಾಗೇ ಪೊಲೀಸ್ ಠಾಣೆಗೆ ಹೋಗಿ ಬರೆಸಿ ಬಂದ್ರು. ಬಂದು ಜಗಲಿ ಮೇಲೆ ಕೂತ್ರು. ‘ಕಿವಿ ಮುಟ್ಟಿದಳು ಅಂತ ತಂದ್ರಲ್ಲಾ, ಈಗ ತಂದ್ಕೊಡಿ ನನ್ನ ಮಗೂನ’ ಅಂದುಬಿಟ್ಟೆ. ಅವರು ಅತ್ತುಬಿಟ್ರು ಕಣೇ. ಇಷ್ಟು ವರ್ಷದ ಸಂಸಾರದಲ್ಲಿ ಅವರ ಕಣ್ಣಲ್ಲಿ ನೀರು ನೋಡಿದ್ದು ಅಪರೂಪ. ಆ ಹೊತ್ತಿನಲ್ಲಿ ನಾನು ನಿನಗೆ ಏನಂತ ತಂತಿ ಕಳಿಸಬೇಕು ಅಂತ ಮನಸ್ಸಲ್ಲೇ ಜೋಡಿಸ್ತಿದ್ದೆ, ಒಂದು ಪದವೂ ಮುಂದಕ್ಕೆ ಹೋಗ್ತಿರಲಿಲ್ಲ.

ದೀಪ ಹಚ್ಚೋ ಹೊತ್ತಿಗೆ ಠಾಣೆಯಿಂದ ಪೇದೆ ಬಂದ. ಉಪ್ಪಾರಪೇಟೆ ಠಾಣೆಯಲ್ಲಿ ಒಂದು ಹೆಣ್ಣುಮಗು ಇದೆ, ಜೊತೆಗೆ ನೀಲಿ ಸೈಕಲ್ ಇದೆ, ಬೇಗ ಬನ್ನಿ ಅಂದ. ಮೆಜೆಸ್ಟಿಕ್ ಹತ್ರದ ಉಪ್ಪಾರಪೇಟೆ! ಆಟೋದಲ್ಲಿ ನಾನು ದಾರಿಯುದ್ದಕ್ಕೂ ಮಂತ್ರ ಜಪಿಸ್ತಿದ್ದೆ, ಮಗುಗೆ ಏನಾಗಿದೆ ಅಂತ ಆ ಪೇದೆಯನ್ನ ಕೇಳೋಕೆ ಧೈರ್ಯ ಬಂದಿರಲಿಲ್ಲ. ಅಲ್ಲಿ ಹೋಗಿ ನೋಡಿದ್ರೆ ಬೆಂಚಿನ ಮೇಲೆ ಕೂತು ಬನ್ನು ತಿಂತಿದಾಳೆ ಮಹಾರಾಣಿ. ಒಂದು ಕೈ ಸೈಕಲ್ ಹ್ಯಾಂಡಲ್ ಮೇಲೆ, ಬೆನ್ನಿಗೆ ಶಾಲೆ ಚೀಲ. ಚೀಲದೊಳಗೆ ಎರಡು ಫ್ರಾಕು, ಬಾಚಣಿಗೆ, ಹಬ್ಬದಲ್ಲಿ ಮಾಡಿದ್ದ ಚಕ್ಕುಲಿ. ನನ್ನನ್ನ ನೋಡಿ ಅವಳು ಅಳಲಿಲ್ಲ, ಹೆದರಲಿಲ್ಲ. ‘ಅಜ್ಜಿ, ಟಿಕೆಟ್ಟಿಗೆ ದುಡ್ಡು ತಂದ್ಯಾ?’ ಅಂತ ಕೇಳಿದಳು. ನಾನು ಬೆನ್ನಿಗೆ ಒಂದು ಬಿಟ್ಟೆ. ಆಮೇಲೆ ಅಪ್ಪಿಕೊಂಡು ಗೋಳೋ ಅಂತ ಅತ್ತೆ, ಪೊಲೀಸರ ಎದುರಿಗೇ. ಬೈಬೇಕು ಅನ್ನಿಸಿದ್ರೆ ಬೈಯೇ, ಹೊಡೆದಿದ್ದಕ್ಕೆ.

ಅವಳನ್ನ ಕರ್ಕೊಂಡು ಬಂದೋರು ಸಿಟಿ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನ ಗುಮಾಸ್ತರು, ಮುನಿರಾಮಪ್ಪ ಅಂತ. ಅವರು ಹೇಳಿದ್ದು ಕೇಳು. ಮೂಟೆ ಬುಕ್ ಮಾಡಿಸೋ ಜನರ ಸಾಲಲ್ಲಿ ಇವಳೂ ಸೈಕಲ್ ಹಿಡ್ಕೊಂಡು ನಿಂತಿದಾಳೆ. ದಸರೆ ಆದ ಮೇಲೆ ನಿಮ್ಮನ್ನ ರೈಲು ಹತ್ತಿಸೋಕೆ ಹೋದಾಗ ಯಾರದೋ ಸೈಕಲ್ನ ಬ್ರೇಕ್ ವ್ಯಾನಿಗೆ, ಅದೇ ಸಾಮಾನಿನ ಡಬ್ಬಿಗೆ, ಹಾಕ್ತಿದ್ದಾಗ ಅಳಿಯಂದಿರು ತೋರಿಸಿದ್ರಂತಲ್ಲ, ಸೈಕಲ್ಲೂ ರೈಲಲ್ಲಿ ಹೋಗುತ್ತೆ ಅಂತ. ಸರದಿ ಬಂದಾಗ ‘ಆಲಮಟ್ಟಿಗೆ’ ಅಂದಳಂತೆ. ಜೊತೆಗೆ ಯಾರಮ್ಮಾ ಅಂದ್ರೆ ಯಾರೂ ಬೇಡ ಅಂದಳಂತೆ. ಇಷ್ಟು ಚಿಕ್ಕೋಳು ಒಬ್ಬಳೇ ಹೋಗಬಾರದು ಪುಟ್ಟಾ ಅಂದಿದ್ದಕ್ಕೆ, ಸೈಕಲ್ಲನ್ನ ಹೊಟ್ಟೆಗೆ ಒರಗಿಸ್ಕೊಂಡು, ಬಲಗೈ ತಲೆ ಮೇಲಿಂದ ತಂದು ಕಿವಿ ಹಿಡಿದು ತೋರಿಸಿದಳಂತೆ. ಪುಣ್ಯಾತ್ಮ, ನಗದೆ, ಗದರಿಸದೆ, ಸೈಕಲ್ ತೂಕ ಮಾಡಬೇಕು ಕೂತ್ಕೋ ಅಂತ ಕೂರಿಸಿ, ಬನ್ನು ಕೊಡಿಸಿ, ತಾವೇ ಠಾಣೆಗೆ ಕರ್ಕೊಂಡು ಬಂದಿದಾರೆ. ಅವರಿಗೆ ಕೈ ಮುಗಿದು ಬಂದೆ. ದಾರಿ ಗೊತ್ತಾಗಿದ್ದು ಹೇಗೆ ಅಂತೀಯಾ? ನಿಮ್ಮಪ್ಪಾಜಿಗೆ ಬೇಳೆ ವ್ಯಾಗನ್ ಬಂದಾಗೆಲ್ಲಾ ಇವಳನ್ನ ಗೂಡ್ಸ್ ಷೆಡ್ಡಿಗೆ ಕೂರಿಸ್ಕೊಂಡು ಹೋಗೋ ಚಟ. ಗೂಡ್ಸ್ ಷೆಡ್ ರಸ್ತೆ ಹಿಡಿದು ಹೋದ್ರೆ ಸ್ಟೇಷನ್ನೇ ತಾನೆ. ಅಷ್ಟು ದೂರ, ಅಷ್ಟು ಲಾರಿಗಳ ಮಧ್ಯೆ, ಹತ್ತೋಕೆ ಬಾರದ ಸೈಕಲ್ಲನ್ನ ತಳ್ಕೊಂಡೇ ಹೋಗಿದಾಳೆ.

ವಾಪಸ್ಸು ಬರ್ತಾ ಆಟೋದಲ್ಲಿ ಮಡಿಲಲ್ಲಿ ಕೂರಿಸ್ಕೊಂಡು ಕೇಳಿದೆ, ಯಾಕೆ ಹೀಗೆ ಮಾಡಿದೆ ಬಂಗಾರಾ ಅಂತ. ನೀನು ಏನು ಹೇಳಿದ್ದೆ ಅಂತ ನೆನಪಿದೆಯಾ ಕುಮಾರಿ? ಅವತ್ತು ಪ್ಲಾಟ್‌ಫಾರಮ್ಮಲ್ಲಿ ಅವಳು ನಿನ್ನ ಸೆರಗು ಬಿಡದೆ ಹಠ ಹಿಡಿದಾಗ, ‘ಅಲ್ಲಿ ಸ್ಟೇಷನ್ನಿಂದ ನಮ್ಮ ಕ್ವಾರ್ಟರ್ಸು ತುಂಬಾ ದೂರ ಕಂದಾ, ಗಾಡಿ ಸಿಗಲ್ಲ, ಪಾಪು ಬೇರೆ ಕಂಕುಳಲ್ಲಿರುತ್ತೆ, ನಿನ್ನನ್ನ ಯಾರು ಎತ್ಕೊಳ್ತಾರೆ? ಸೈಕಲ್ ಹೊಡೆಯೋಷ್ಟು ದೊಡ್ಡೋಳಾಗು, ಆಗ ಬಂದ್ಬಿಡು’ ಅಂದೆಯಂತೆ. ಅಳು ನಿಲ್ಲಿಸೋಕೆ ಬಾಯಿಗೆ ಬಂದದ್ದು ಅಂದಿರ್ತೀಯ, ರೈಲು ಹೊರಟ ಮೇಲೆ ಮರೆತೂ ಇರ್ತೀಯ. ಅವಳು ಮರೆತಿಲ್ಲ. ದೊಡ್ಡೋಳಾಗೋದು ಅಂದ್ರೆ ಕಿವಿ ಮುಟ್ಟೋದು ಅಂತ ತಾತ ಹೇಳಿದ್ರು, ಮುಟ್ಟಿದಳು. ಸೈಕಲ್ ಬೇಕು ಅಂತ ಅಮ್ಮ ಹೇಳಿದಳು, ಸೈಕಲ್ ಬಂತು. ದೀಪಾವಳಿಗೆ ಬರ್ತೀನಿ ಅಂದೋಳು ಪಾಪುಗೆ ಜ್ವರ ಅಂತ ಬರಲಿಲ್ಲ, ಇನ್ನು ನಾನೇ ಹೋಗಬೇಕು ಅಂತ ಹೊರಟಳು. ಇದರಲ್ಲಿ ಅವಳ ತಪ್ಪು ಏನಿದೆ ನೀನೇ ಹೇಳು. ನನಗೆ ನಿನ್ನ ಮೇಲೆ ಕೆಂಡದಂಥಾ ಸಿಟ್ಟು ಬಂತು. ಇನ್ನೂ ಪೂರ್ತಿ ಇಳಿದಿಲ್ಲ, ಅದಕ್ಕೇ ಅಕ್ಷರ ಹೀಗೆ ಒತ್ತಿ ಬಿದ್ದಿದೆ.

ನೀನು ಹೇಳೋ ಕಾರಣಗಳೆಲ್ಲಾ ನನಗೆ ಗೊತ್ತು. ಅಲ್ಲಿರೋದು ತಗಡಿನ ಷೆಡ್ಡಿನ ಶಾಲೆ, ಒಬ್ಬರೇ ಮೇಷ್ಟ್ರು. ಇಲ್ಲಿ ಒಳ್ಳೆ ಸ್ಕೂಲು, ಅಜ್ಜಿ ತಾತ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ತಾರೆ, ಅಲ್ಲಿ ನಿನಗೆ ಕೈಮಗು, ಒಂದೆರಡು ವರ್ಷ ಹೇಗೋ ಕಳೀಲಿ. ನಾನೂ ಹೀಗೇ ಅಂದ್ಕೊಂಡಿದ್ದೆ. ಮಗು ಇಲ್ಲಿಗೆ ಒಗ್ಗಿಹೋಗಿದೆ, ಅಮ್ಮ ಅಂತ ಒಂದು ದಿನ ಕೇಳಲ್ಲ ಅಂತ ಊರಿಗೆಲ್ಲಾ ಹೇಳ್ಕೊಂಡು ತಿರುಗಿದೆ. ಕೇಳದೆ ಇದ್ದಿದ್ದು ಯಾಕೆ ಅಂತ ಈಗ ಗೊತ್ತಾಯ್ತು, ಹೊರಡೋ ಸಿದ್ಧತೆಯಲ್ಲಿದ್ದೋಳು ಯಾಕೆ ಕೇಳ್ತಾಳೆ. ನಿನ್ನೆ ಭಾನುವಾರ ಪೂಜೆಗೆ ಕೂತ್ರೆ ಲಿಂಗದ ಮೇಲೆ ಮನಸ್ಸು ನಿಲ್ಲಲಿಲ್ಲ. ಎದ್ದು ನಾನೇ ಸೈಕಲ್ ಹೊರಗೆ ತಂದೆ. ಸೆರಗು ಸೊಂಟಕ್ಕೆ ಸಿಗಿಸಿ, ಸೀಟು ಹಿಡ್ಕೊಂಡು, ಹತ್ತು ಅಂದೆ. ವಿಶಾಲಮ್ಮ ಕಿಟಕಿಯಿಂದ ನೋಡಿ ಬಾಯಿ ಮೇಲೆ ಕೈ ಇಟ್ಕೊಂಡ್ರು, ಇಟ್ಕೊಳ್ಳಲಿ. ಮಗು ಎರಡು ಸಲ ನನ್ನ ಮೇಲೇ ಬಿತ್ತು. ಮೊಣಕೈ ತರಚಿದೆ, ಅರಿಶಿನ ಹಚ್ಚಿದೀನಿ. ಸಾಯಂಕಾಲ ಆಗೋ ಹೊತ್ತಿಗೆ ನನ್ನ ಕೈ ಸೀಟಿನ ಮೇಲೆ ಇಲ್ಲದೆ ಇದ್ರೂ ಹೋಗ್ತಿದ್ದಳು, ನಾನು ಸುಮ್ಮನೆ ಪಕ್ಕದಲ್ಲಿ ಓಡ್ತಿದ್ದೆ. ಹೇಳಬಾರದು ಅಂದ್ಕೊಂಡಿದ್ದೆ, ಹೇಳ್ತೀನಿ. ಅವಳು ಒಬ್ಬಳೇ ಹೋಗಿದ್ದು ನೋಡಿ ನನಗೆ ಸಂತೋಷ ಆಗಲಿಲ್ಲ, ಸಂಕಟ ಆಯ್ತು. ಇವಳಿಲ್ಲದೆ ಈ ಮನೇಲಿ ಹೇಗಿರೋದು ಅಂತ ಗೇಟಿಗೆ ಆತು ನಿಂತೆ.

ನೀನು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟು. ಅವಳಿಗೆ ವಯಸ್ಸಾಗಿದೆ. ಹೂಂ ಅಂತಿದೀನಿ, ನಾಳೆ ಏನೇ ಆದ್ರೂ ಅಜ್ಜಿ ಹೂಂ ಅಂದಳು ಅಂತ ಧಾರಾಳವಾಗಿ ಹೇಳ್ಕೋ. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು, ಕೆಮ್ಮು ನಿರ್ಲಕ್ಷ್ಯ ಮಾಡಬಾರದು ಅಂತ ಹೇಳು. ಪಾಪುಗೆ ಮುತ್ತು. ನಿನ್ನ ಮೇಲೆ ಇಷ್ಟು ಕೂಗಾಡಿದ್ದು ಮನಸ್ಸಿಗೆ ಹಚ್ಕೊಂಡು ಎದೆಹಾಲು ಬತ್ತಿಸ್ಕೋಬೇಡ, ಹೊತ್ತೊತ್ತಿಗೆ ಊಟ ಮಾಡು. ಆ ಶಿವ ನಿಮ್ಮ ನಾಲ್ಕೂ ಜನರನ್ನ ಒಂದೇ ಸೂರಿನ ಕೆಳಗೆ ತಣ್ಣಗಿಡಲಿ.

ನಿನ್ನ ಅಮ್ಮ,
ಶೈಲಜಮ್ಮ

ಮತ್ತೆ: ಕಾಗದ ಮಡಿಸಿ ಅಂಟಿಸೋಷ್ಟರಲ್ಲಿ ನಿಮ್ಮಪ್ಪಾಜಿ ಬಂದ್ರು, ಅದಕ್ಕೇ ಇಲ್ಲಿ ಅಂಚಿನಲ್ಲಿ ಗೀಚ್ತಿದೀನಿ. ಬೆಳಿಗ್ಗೆ ನಾನೇ ಕಳಿಸಿದ್ದೆ, ಶಾಲೆಗೂ ಸ್ಟೇಷನ್ನಿಗೂ. ಶಾಲೆಯೋರು ಟಿ.ಸಿ. ಕೊಟ್ಟಿದಾರೆ, ಟಿಕೆಟ್ಟೂ ಆಗಿದೆ. ಮುಂದಿನ ಭಾನುವಾರ ಹೊರಟು ಹುಬ್ಬಳ್ಳಿಯಲ್ಲಿ ಗಾಡಿ ಬದಲಾಯಿಸಿ ಬರ್ತಾರೆ, ಅವರೂ ಮಗೂನೂ. ರಜಕ್ಕೆ ಬರ್ತಿಲ್ಲ, ಅವಳು ಅಲ್ಲೇ ಇರೋಕೆ ಬರ್ತಿದಾಳೆ. ನಾನು ಬರಲ್ಲ, ಬಂದ್ರೆ ವಾಪಸ್ಸು ಬರೋವಾಗ ಎಲ್ಲಿ ಅವಳನ್ನೂ ಎತ್ಕೊಂಡು ಬಂದುಬಿಡ್ತೀನೋ ಅಂತ ನನಗೇ ಭಯ. ಸೈಕಲ್ ಬ್ರೇಕ್ ವ್ಯಾನಲ್ಲಿ ಬರುತ್ತೆ. ಅಳಿಯಂದಿರು ಸ್ಟೇಷನ್ನಿಗೆ ಜೀಪು ತರೋದಾದ್ರೆ ಅದು ನಿಮ್ಮಪ್ಪಾಜಿಗೆ ಮತ್ತೆ ಪೆಟ್ಟಿಗೆಗೆ, ಅವಳು ಹತ್ತಲ್ಲ, ಹತ್ತಿಸಬೇಡಿ. ಯಾರಾದ್ರೂ ಪಕ್ಕದಲ್ಲಿ ನಡ್ಕೊಂಡು ಬರಲಿ, ನಿಧಾನ ಆದ್ರೂ ಪರವಾಗಿಲ್ಲ. ಒಂದೇ ಒಂದು ವಿಷಯ ಕುಮಾರಿ, ಅವಳಿಗೆ ಸೈಕಲ್ ಹೊಡೆಯೋಕೆ ಬರುತ್ತೆ, ನಿಲ್ಲಿಸೋಕೆ ಇನ್ನೂ ಬರಲ್ಲ. ಪಾಪೂನ ಯಾರ ಕೈಗಾದ್ರೂ ಕೊಟ್ಟು, ಮನೆ ಗೇಟಿನ ಹತ್ರ ನೀನೇ ನಿಂತು ಹಿಡ್ಕೋ.